ತಿಪ್ಪೆ ಕಲಿಸುವ ತಾಳ್ಮೆ



ಫಲ ಕೊಡದ ಅಂಜೂರದ ಮರವನ್ನು ಕಡಿದುಹಾಕೆಂದ ಯಜಮಾನನನ್ನು ತೋಟಗಾರ ಬೇಡಿದ್ದೇನು? ಇನ್ನೊಂದು ವರ್ಷದ ಗಡುವು. ಬುಡ ಅಗೆದು ಗೊಬ್ಬರ ಹಾಕಲು ಅವಕಾಶ (ಲೂಕ 13:6-9).

ಬಾಗೂರಿನ ರೈತನಿಗೆ ಈ ಸಾಮತಿಯನ್ನು ಬಿಡಿಸಿ ಹೇಳಬೇಕಿಲ್ಲ. ಸಗಣಿ, ದನ ತಿಂದುಳಿದ ಹುಲ್ಲು, ತರಕಾರಿ ಸಿಪ್ಪೆ ತಿಪ್ಪೆಯಲ್ಲಿ ತಿಂಗಳುಗಟ್ಟಲೆ ಕೊಳೆತು ಹೊಲಕ್ಕೆ ಗೊಬ್ಬರವಾಗುತ್ತವೆ. ಜೊತೆಗೆ ಬಿದ್ದ ಪ್ಲಾಸ್ಟಿಕ್ ಮಾತ್ರ ಕೊಳೆಯದು. ಹಸುವಿನ ಹೊಟ್ಟೆ ಸೇರೀತು. ಅದನ್ನು ಮನೆಯಲ್ಲೇ ಬೇರ್ಪಡಿಸಿ. ಬೀದಿಯವರೆಲ್ಲ ಕೂಡಿ ಎರಡು ಗುಂಡಿ ತೋಡಿ. ಒಂದು ತುಂಬುವಾಗ ಇನ್ನೊಂದು ಕಳಿಯಲಿ. ವಸ್ತುವನ್ನು ಬಿಸಾಡದೆ ಮರುಬಳಸುವುದೂ ಪ್ರೀತಿಯ ಕಾರ್ಯವಾಗಬಲ್ಲದೆಂದು ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಬರೆದರು.

ಕಸಕ್ಕಾಗಿ ಇಷ್ಟು ಕಾಯಬಲ್ಲ ನಾವು, ಉದ್ಧಾರವಾಗನೆಂದು ಕೈಬಿಟ್ಟ ಮಗನಿಗಾಗಿ ಇನ್ನೊಂದು ವರ್ಷ ಕಾಯಲಾರೆವೇ? ಪ್ರಭು ನಮಗಾಗಿ ಕಾಯುತ್ತಲೇ ಇದ್ದಾರೆ.