ಹೊತ್ತು ತಂದ ನೀರು

ದಸರೆಯ ರಜೆಯಲ್ಲಿ ಹಿಂದೂಪುರದಿಂದಲೋ ಕಲ್ಯಾಣದುರ್ಗದಿಂದಲೋ ಕರಾವಳಿಗೆ ಹೊರಡುವ ಟೆಂಪೊ ಟ್ರಾವೆಲರಿನ ಹಿಂಬದಿಯನ್ನು ಒಮ್ಮೆ ನೋಡಬೇಕು. ಗ್ಯಾಸ್ ಒಲೆ, ರಾಗಿ ಹಿಟ್ಟು, ಶೇಂಗಾ ಚಟ್ನಿಪುಡಿ, ಚಾಪೆ, ಹೊದಿಕೆ. ಎಲ್ಲಕ್ಕೂ ಒತ್ತಾಗಿ ನೀರಿನ ಕ್ಯಾನುಗಳು. ಹುಲಿಕಲ್ ಘಾಟಿಯ ತಿರುವುಗಳಲ್ಲಿ ಅವು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಕಿಟಕಿಯಾಚೆ ಬಂಡೆಗಳ ಮೇಲಿಂದ ನೀರು ತಾನಾಗಿ ಇಳಿಯುತ್ತಿರುತ್ತದೆ.

ನೀರಿನ ನಾಡಿಗೆ ನಾವು ನೀರು ಹೊತ್ತು ಹೋಗುತ್ತೇವೆ. ನಮ್ಮ ಅನಂತಪುರ ಸೀಮೆಗೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ಉಡುಪಿ ಜಿಲ್ಲೆಯಲ್ಲಿ ಅದು 4,000 ದಾಟುತ್ತದೆ. ಈ ಅಂತರ ನಮಗೆ ತಿಳಿಯದ್ದಲ್ಲ. ಆದರೂ ಕೈ ಕ್ಯಾನನ್ನು ಬಿಡುವುದಿಲ್ಲ. ಟ್ಯಾಂಕರಿಗೆ ಕಾದ ಬೇಸಿಗೆಗಳು, ಬಿಂದಿಗೆಗಳ ಸಾಲು, ಬರಿ ಮರಳಾಗಿ ಮಲಗಿದ್ದ ಪೆನ್ನಾ ನದಿಯ ಪಾತ್ರ, ಎಲ್ಲವೂ ಆ ಕೈಯಲ್ಲಿ ಇನ್ನೂ ಇವೆ. ಅಭಾವ ತೀರಿದರೂ ಅದರ ಸ್ಮೃತಿ ತೀರುವುದಿಲ್ಲ. ಇದನ್ನು ಮೌಢ್ಯವೆನ್ನಲು ಮನಸ್ಸು ಒಪ್ಪದು. ಬರದಲ್ಲಿ ಮನೆ ನಡೆಸಿದ ತಾಯಂದಿರ ವಿವೇಕವಿದು.

ಎಲ್ಲವನ್ನೂ ಜೊತೆಗೊಯ್ಯುವ ಅದೇ ಆಸೆಗೆ ಈಗ ದೊಡ್ಡ ಚಕ್ರಗಳು ಬಂದಿವೆ. ಹಾಸಿಗೆ, ಅಡುಗೆಮನೆ, ಶೌಚಾಲಯಗಳನ್ನು ಒಳಗೊಂಡ ಕ್ಯಾರವಾನ್ ರಸ್ತೆಗಿಳಿದಿದೆ. ಕೇರಳವಂತೂ 2021ರಲ್ಲಿ ಇದಕ್ಕೆಂದೇ ಪ್ರವಾಸೋದ್ಯಮ ನೀತಿ ರೂಪಿಸಿತು. ಮರವಂತೆಯಲ್ಲಿ ಬೆಳಗ್ಗೆ ಅದರ ಬಾಗಿಲು ತೆರೆದರೆ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಮನೆಯೂ ಉಂಟು, ಕಡಲೂ ಉಂಟು. ಇಂಥ ಪೂರ್ಣತೆಯನ್ನು ಬಯಸದವರು ನಮ್ಮಲ್ಲಿ ಯಾರು? ಆದರೆ ಮನೆ ಉದ್ದವಾದಷ್ಟೂ ದಾರಿಗಳು ಕಡಿಮೆಯಾಗುತ್ತವೆ. ಆಗುಂಬೆಯ ಹದಿನಾಲ್ಕು ತಿರುವುಗಳು ದೊಡ್ಡ ವಾಹನವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇದು ಸಣ್ಣ ನಷ್ಟ. ಇನ್ನೊಂದು ನಷ್ಟ ಸೂಕ್ಷ್ಮವಾದದ್ದು: ಎಲ್ಲವೂ ಜೊತೆಗಿದ್ದಾಗ ನಾವು ಯಾರನ್ನೂ ಏನನ್ನೂ ಕೇಳುವುದಿಲ್ಲ.

ನಮ್ಮ ಸೀಮೆಯ ಕುರಿಗಾಹಿಗಳೂ ಮನೆ ಹೊತ್ತೇ ಹೊರಡುತ್ತಾರೆ. ಕತ್ತೆಯ ಬೆನ್ನಿನ ಮೇಲೆ ಪಾತ್ರೆ, ಕಂಬಳಿ, ಬಲೆ, ನಡೆಯಲಾರದ ಎಳೆಮರಿ. ಆದರೆ ಆ ಮನೆ ಎಂದಿಗೂ ಪೂರ್ಣವಲ್ಲ. ಸಂಜೆಗೆ ಯಾರದೋ ಹೊಲ ಬೇಕು, ಯಾರದೋ ಬಾವಿ ಬೇಕು. ಮಂದೆ ತಂಗಿದ ಹೊಲಕ್ಕೆ ಗೊಬ್ಬರ, ತಂಗಿಸಿಕೊಂಡ ರೈತನಿಂದ ಕಾಳೋ ಹಣವೋ. ಮರುವರ್ಷ ಆ ರೈತನೇ ಅವರ ದಾರಿ ಕಾಯುತ್ತಾನೆ. ಅವರ ಗಂಟಿನಲ್ಲಿ ಇಲ್ಲದ್ದೇ ಅವರಿಗೆ ಊರೂರಿನ ನೆಂಟಸ್ತಿಕೆಯನ್ನು ಗಳಿಸಿಕೊಟ್ಟಿದೆ.

ಎಷ್ಟು ತುಂಬಿಸಿಕೊಂಡರೂ ನಮ್ಮ ಕ್ಯಾನು ಬರಿದಾಗುವ ಒಂದು ಮಧ್ಯಾಹ್ನ ಬಂದೇ ಬರುತ್ತದೆ. ಹೆದ್ದಾರಿ ಬಿಟ್ಟು, ತೆಂಗಿನ ತೋಟದೊಳಗಿನ ಮನೆಯೊಂದರ ಮುಂದೆ ಸಂಕೋಚದಿಂದ ನಿಲ್ಲುತ್ತೇವೆ. ಕರಾವಳಿಯ ಹಳೆಯ ಪದ್ಧತಿಯಂತೆ ನೀರಿನೊಡನೆ ತುಂಡು ಬೆಲ್ಲವೂ ಬರುತ್ತದೆ. ಬೆಲ್ಲದ ವ್ಯಾಪಾರಕ್ಕೆ ಹೆಸರಾದ ಹಿಂದೂಪುರದ ನಾವು ಜಗಲಿಯಲ್ಲಿ ಕೂತು ಆ ಬೆಲ್ಲವನ್ನು ಮೆಲ್ಲುತ್ತೇವೆ. "ಯಾವೂರಾಯ್ತು ನಿಮ್ಗೆ?" ಎಂಬಲ್ಲಿಂದ ಮಾತು ಮೊದಲಾಗುತ್ತದೆ. ಬಾರದ ಮಳೆಯ ಕಥೆ ನಮ್ಮದು, ಬಿಡದ ಮಳೆಯ ಕಥೆ ಅವರದು. ಕ್ಯಾನು ಆಗಲೇ ತುಂಬಿರುತ್ತದೆ. ಏಳಲು ಯಾರೂ ಅವಸರಪಡುವುದಿಲ್ಲ.