ಕೊಳ್ಳುವವನು ಕೇಳದಿದ್ದರೆ

ಮಾರುವವನ ಬಾಯಿ ಎಷ್ಟರ ಮಟ್ಟಿಗೆ ತೆರೆದಿರಬೇಕು ಎಂಬುದು ಹಳೆಯ ಪ್ರಶ್ನೆ. ಜಾತ್ರೆಯಲ್ಲಿ ಎತ್ತನ್ನು ಮಾರುವವನು ಅದರ ಹಲ್ಲನ್ನು ತೋರಿಸುತ್ತಾನೆ, ಸುಳಿಯನ್ನು ತೋರಿಸುತ್ತಾನೆ. ನೊಗವನ್ನು ಕಂಡೊಡನೆ ಅದು ಮಲಗಿಬಿಡುತ್ತದೆಂಬುದನ್ನು ಮಾತ್ರ ಹೇಳುವುದಿಲ್ಲ. ಕೊಂಡವನು ಮನೆಗೆ ಹೊಡೆದುಕೊಂಡು ಹೋದ ಮೇಲೆ ತಾನೇ ತಿಳಿದುಕೊಳ್ಳುತ್ತಾನೆ. ಇದು ಮೋಸವೋ ವ್ಯಾಪಾರವೋ ಎಂದು ಯಾರಾದರೂ ಕೇಳಿದ್ದರೆ, ಒಂದು ವರ್ಷದ ಕೆಳಗೆ ನಾನು ತಡವರಿಸದೆ ಮೋಸವೆಂದೇ ಹೇಳುತ್ತಿದ್ದೆ. ತರಗತಿಯಲ್ಲಿ ಹೇಳಿಯೂ ಇದ್ದೇನೆ. ಮಾರುವುದಕ್ಕೆ ನನ್ನಲ್ಲಿ ಎತ್ತು ಇಲ್ಲದಿದ್ದುದರಿಂದ ಹಾಗೆ ಹೇಳುವುದು ಸುಲಭವಾಗಿತ್ತು.

ಕಡೆಗೆ ಎತ್ತು ನನ್ನ ಮನೆಗೂ ಬಂದಿತು, ಲ್ಯಾಪ್‌ಟಾಪಿನ ರೂಪದಲ್ಲಿ.

ಕತ್ರಿಗುಪ್ಪೆಯ ನೀರಿನ ಟ್ಯಾಂಕಿನ ಹತ್ತಿರದಲ್ಲೇ ನಮ್ಮ ಮನೆ. ಮಗ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ. ಆಟಗಳನ್ನು ಆಡುವುದಕ್ಕಾಗಿಯೇ ಕಟ್ಟಿದ ಒಂದು ಬಗೆಯ ಲ್ಯಾಪ್‌ಟಾಪ್ ಇದೆಯೆಂದೂ, ಅದರಲ್ಲಿ ಓದೂ ಆಗುತ್ತದೆಂದೂ ಅವನು ನನಗೆ ವರ್ಷವಿಡೀ ತಿಳಿಸಿ ಹೇಳಿದ. ಬೆಲೆ 1,40,000 ರೂಪಾಯಿ. ನಮ್ಮ ಮನೆಯಲ್ಲಿ ಅಷ್ಟು ಬೆಲೆಯ ವಸ್ತು ಮತ್ತೊಂದಿಲ್ಲ. ನನ್ನ ಸ್ಕೂಟರು ಕೂಡ ಅದರ ಅರ್ಧಕ್ಕೆ ನಿಲ್ಲುತ್ತದೆ. ಮನೆಯಾಕೆ ಕಟ್ಟಿದ್ದ ಚೀಟಿಯ ಹಣ ಒಂದಿಷ್ಟು, ಉಳಿದುದು ತಿಂಗಳ ಕಂತು ಎಂದು ಹೊಂದಿಸಿ ಕೊಂಡೆವು.

ಮೊದಲ ರಾತ್ರಿಯೇ ಮಗ ದೀಪವಾರಿಸಿ ನನ್ನನ್ನು ಕರೆದ. ಪರದೆಯೆಲ್ಲ ಕಪ್ಪಗಿತ್ತು, ಕೆಳಗಿನ ಎಡಮೂಲೆಯಲ್ಲಿ ಮಾತ್ರ, ಮುಚ್ಚಿದ ಬಾಗಿಲಿನ ಸಂದಿನಿಂದ ಒಳಮನೆಯ ಬೆಳಕು ಬಂದ ಹಾಗೆ, ಮಂಕಾದ ಬಿಳುಪು ಹರಡಿತ್ತು. ಸ್ವಲ್ಪ ಮೇಲೆ ಸಾಸಿವೆಯಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಹಸುರು ಚುಕ್ಕೆ. ಅವನು ಬೆರಳಿಟ್ಟು ತೋರಿಸುವವರೆಗೆ ನನಗೆ ಎರಡೂ ಕಾಣಲಿಲ್ಲ. ತೋರಿಸಿದ ಮೇಲೆ ಬೇರೇನೂ ಕಾಣಲಿಲ್ಲ. ಅಚ್ಚಾದ ಪುಸ್ತಕದಲ್ಲಿ ಅಕ್ಷರದೋಷವನ್ನು ಒಮ್ಮೆ ಕಂಡ ಲೇಖಕನಿಗೆ ಈ ಸಂಕಟದ ಪರಿಚಯವಿರುತ್ತದೆ.

ಇದು ಹೇಗಾಗುತ್ತದೆಂದು ಮಗನೇ ವಿವರಿಸಿದ. ಈ ಬಗೆಯ ಪರದೆ ತಾನಾಗಿ ಬೆಳಗುವುದಿಲ್ಲ. ಹಿಂದೆ ಸದಾ ಉರಿಯುವ ಬೆಳಕು. ಮುಂದೆ ದ್ರವಸ್ಫಟಿಕದ ಸಣ್ಣಸಣ್ಣ ಕಂಡಿಗಳು. ಬಣ್ಣ ಬೇಕಾದಲ್ಲಿ ಕಂಡಿ ತೆರೆಯುತ್ತದೆ, ಕಪ್ಪು ಬೇಕಾದಲ್ಲಿ ಮುಚ್ಚುತ್ತದೆ. ಅಡ್ಡಕ್ಕೆ 1920, ಉದ್ದಕ್ಕೆ 1080. ಒಟ್ಟು 20,73,600 ಬಿಂದುಗಳು. ಪ್ರತಿಯೊಂದರಲ್ಲೂ ಕೆಂಪು, ಹಸುರು, ನೀಲಿ ಎಂದು ಮೂರು ಕಂಡಿಗಳಾದರೆ ಅರುವತ್ತೆರಡು ಲಕ್ಷದ ಮೇಲಾಯಿತು. ಚೌಕಟ್ಟು ಒಂದು ಕಡೆ ಹೆಚ್ಚು ಬಿಗಿಯಾದರೆ ಪರದೆ ಅದುಮಿದಂತಾಗಿ ಅಂಚಿನಲ್ಲಿ ಬೆಳಕು ಸೋರುತ್ತದೆ. ಒಂದು ಕಂಡಿ ತೆರೆದೇ ನಿಂತರೆ ಅಲ್ಲಿ ಹಸುರು ಚುಕ್ಕೆ ಮಿಣುಕುತ್ತದೆ.

ರಿಪೇರಿ ಕೇಂದ್ರಕ್ಕೆ ಮೂರು ಸಲ ಹೋದೆವು. ಮೂರು ಸಲವೂ ಒಂದೇ ಉತ್ತರ: “ಇದು ದೋಷವಲ್ಲ ಸಾರ್, ಮಿತಿಯೊಳಗೇ ಇದೆ.” ಹುಡುಕಿ ನೋಡಿದೆ. ಮಿತಿ ಎಂಬುದು ನಿಜವಾಗಿಯೂ ಉಂಟು. 2001ರಲ್ಲಿ ಬಂದ ಐಎಸ್‌ಒ 13406-2 ಎಂಬ ಅಂತರರಾಷ್ಟ್ರೀಯ ಮಾನಕವು ಪರದೆಗಳಿಗೆ ದರ್ಜೆಗಳನ್ನು ಮಾಡಿತ್ತು. ಎರಡನೆಯ ದರ್ಜೆಯ ಪರದೆಯಲ್ಲಿ ಹತ್ತು ಲಕ್ಷ ಬಿಂದುಗಳಿಗೆ ಎರಡು ಸದಾ ಬೆಳಗಬಹುದು, ಎರಡು ಸದಾ ಕತ್ತಲಾಗಿರಬಹುದು, ಐದರಲ್ಲಿ ಯಾವುದಾದರೊಂದು ಕಂಡಿ ಕೆಟ್ಟಿರಬಹುದು. 2008ರಲ್ಲಿ ಅದರ ಸ್ಥಾನಕ್ಕೆ ಐಎಸ್‌ಒ 9241 ಮಾಲೆಯ ಮಾನಕಗಳು ಬಂದವು. ನಮ್ಮ ಒಂದು ಚುಕ್ಕೆ ಆ ಹಳೆಯ ಅಳತೆಯಲ್ಲಿ ಧಾರಾಳವಾಗಿ ಉತ್ತೀರ್ಣವಾಗುತ್ತದೆ. ಅಂಚಿನ ಬೆಳಕನ್ನಾದರೋ ಬಿಂದುಗಳ ಹಾಗೆ ಎಣಿಸುವಂತೆಯೂ ಇಲ್ಲ.

ಮಾಡುವವನ ಕಡೆಯಿಂದ ನೋಡಿದರೆ ಇದು ಅನ್ಯಾಯವೆನಿಸುವುದಿಲ್ಲ. ಇಪ್ಪತ್ತು ಲಕ್ಷದಲ್ಲಿ ಒಂದು ತಪ್ಪಿದ ವಿದ್ಯಾರ್ಥಿಗೆ ನಾನು ಪೂರ್ತಿ ಅಂಕ ಕೊಡುವುದಲ್ಲದೆ ಬೆನ್ನನ್ನೂ ತಟ್ಟುವೆನು. ಆದರೆ ಕೊಂಡವನು ಸರಾಸರಿಯನ್ನು ಕೊಳ್ಳುವುದಿಲ್ಲ, ಒಂದನ್ನು ಕೊಳ್ಳುತ್ತಾನೆ. ಸಾವಿರದಲ್ಲಿ ಒಬ್ಬನ ಪಾಲಿಗೆ ಬರುವ ಕೊರತೆ ಆ ಒಬ್ಬನ ಪಾಲಿಗೆ ಸಾವಿರದಲ್ಲೊಂದಲ್ಲ, ಇಡಿಯದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷವೆಂಬ ಮಾತನ್ನು ಗುಣದಲ್ಲಿ, ಪ್ರಮಾಣದಲ್ಲಿ, ಮಟ್ಟದಲ್ಲಿ ಇರುವ ಯಾವುದೇ ಊನಕ್ಕೆ ಅನ್ವಯಿಸುತ್ತದೆ. ಆದರೆ ಇರಬೇಕಾದ ಮಟ್ಟ ಕಾನೂನಿನಿಂದಲೋ ಕರಾರಿನಿಂದಲೋ ಮಾರಿದವನ ಮಾತಿನಿಂದಲೋ ಗೊತ್ತಾಗಬೇಕು. ಆಯೋಗಕ್ಕೆ ದೂರು ಕೊಡಬೇಕೆಂದು ಕಾಗದಗಳನ್ನು ಜೋಡಿಸಿಟ್ಟೆ. ಅಷ್ಟರಲ್ಲಿ ಮೌಲ್ಯಮಾಪನ ಬಂತು, ಕಾಗದಗಳು ಕಪಾಟಿನಲ್ಲೇ ಉಳಿದವು. ಇಲ್ಲಿಯವರೆಗಿನದು ನಮ್ಮ ದೂರು. ಮುಂದಿನದು ನಮ್ಮ ಮೇಲಿನ ದೂರು.

ಎಂಟು ತಿಂಗಳ ಮೇಲೆ ಮಗ ಅದನ್ನು ಮಾರುವುದಾಗಿ ಹೇಳಿದ. ಇಟ್ಟಮಡುವಿನ ಕಡೆಯ ಒಬ್ಬ ಹುಡುಗ ಕೊಳ್ಳುತ್ತಾನಂತೆ, 95,000ಕ್ಕೆ ಮಾತಾಗಿದೆಯಂತೆ, ಭಾನುವಾರ ಬೆಳಿಗ್ಗೆ ಬರುತ್ತಾರಂತೆ.

“ಬೆಳಿಗ್ಗೆಯೇ ಏಕೆ?” ಎಂದೆ.

ಮಗ ನನ್ನ ಮುಖ ನೋಡಲಿಲ್ಲ. “ಹಗಲಲ್ಲಿ ಅದು ಕಾಣಲ್ಲ ಅಪ್ಪ. ಕೇಳಿದರೆ ಖಂಡಿತ ಹೇಳ್ತೀನಿ, ಸುಳ್ಳು ಹೇಳಲ್ಲ. ಕೇಳದೆ ಇದ್ದರೆ ನಾನಾಗಿ ಏಕೆ ಹೇಳಬೇಕು? ಅದು ದೋಷವೇ ಅಲ್ಲ ಅಂತ ಮಾಡಿದವರೇ ಹೇಳಿದಾರಲ್ಲ!”

ಉತ್ತರ ಚೆನ್ನಾಗಿತ್ತು. ನನಗೆ ಕಂತಿನ ನೆನಪೂ ಆಯಿತು. ಇನ್ನೂ ನಾಲ್ಕು ತಿಂಗಳದು ಬಾಕಿಯಿತ್ತು. ನಾನು ಸುಮ್ಮನಾದೆ. ಸುಮ್ಮನಾದೆನೆಂಬುದನ್ನು ಇಲ್ಲಿ ಬರೆಯಲೇಬೇಕು. ಏಕೆಂದರೆ ಈ ಲೇಖನದ ವಿಷಯವೇ ಮೌನ.

ಆ ರಾತ್ರಿ ನಿದ್ದೆ ಬಾರದೆ ಪುಸ್ತಕಗಳ ಮೊರೆಹೊಕ್ಕೆ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೋ ಕರ್ತವ್ಯಗಳನ್ನು ಕುರಿತು ಒಂದು ಗ್ರಂಥವನ್ನು ಬರೆದ. ಅಥೆನ್ಸಿನಲ್ಲಿ ಓದುತ್ತಿದ್ದ ತನ್ನ ಮಗನನ್ನೇ ಉದ್ದೇಶಿಸಿ ಬರೆದುದು ಅದು. ಅದರ ಮೂರನೆಯ ಭಾಗದಲ್ಲಿ ಒಬ್ಬ ವರ್ತಕ ಬರುತ್ತಾನೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಈತ ಅಲೆಗ್ಸಾಂಡ್ರಿಯದಿಂದ ಧಾನ್ಯ ತಂದಿದ್ದಾನೆ. ಹಿಂದಿನಿಂದ ಇನ್ನೂ ಹಲವು ಧಾನ್ಯದ ಹಡಗುಗಳು ಬರುತ್ತಿರುವುದನ್ನು ದಾರಿಯಲ್ಲಿ ಕಂಡಿದ್ದಾನೆ. ಹೇಳಬೇಕೆ, ಹೇಳದೆ ಹೆಚ್ಚು ಬೆಲೆಗೆ ಮಾರಬಹುದೆ? ಬ್ಯಾಬಿಲೋನಿನ ಡಯೋಜಿನೀಸನ ಪಕ್ಷದಲ್ಲಿ, ಕಾನೂನು ಹೇಳೆಂದಷ್ಟನ್ನು ಹೇಳಿ ಸುಳ್ಳಾಡದಿದ್ದರೆ ಸಾಕು. ಹೇಳದಿರುವುದೇ ಬೇರೆ, ಮರೆಮಾಚುವುದೇ ಬೇರೆ. ಅವನ ಶಿಷ್ಯ ಆಂಟಿಪೇಟರನ ಪಕ್ಷದಲ್ಲಿ, ಮಾರುವವನಿಗೆ ತಿಳಿದುದೆಲ್ಲ ಕೊಳ್ಳುವವನಿಗೂ ತಿಳಿಯಬೇಕು. ಹಾವುಗಳು ಸೇರಿಕೊಂಡ ಮನೆಯನ್ನು ಹೇಳದೆ ಮಾರುವವನ ಮಾತೂ ಅಲ್ಲಿಯೇ ಬರುತ್ತದೆ. ಸಿಸೆರೋ ಶಿಷ್ಯನ ಕಡೆಗೆ ತೀರ್ಪು ಕೊಡುತ್ತಾನೆ. ಮೌನವೆಲ್ಲ ಮರೆಮಾಚುವಿಕೆಯಲ್ಲ, ನಿಜ. ಆದರೆ ತಿಳಿದರೆ ಇನ್ನೊಬ್ಬನಿಗೆ ಪ್ರಯೋಜನವಾಗುವುದನ್ನು ನಮ್ಮ ಲಾಭಕ್ಕಾಗಿ ಅವನಿಗೆ ತಿಳಿಯದಂತೆ ಇಟ್ಟರೆ ಅದು ಮರೆಮಾಚುವಿಕೆಯೇ.

ಪರದೇಶದ ಮಾತೇಕೆ? ಕೊಂಡ ಅಥವಾ ಮಾರಿದ ಮೇಲೆ ಪಶ್ಚಾತ್ತಾಪಪಟ್ಟವನು ಹತ್ತು ದಿನಗಳೊಳಗೆ ವಸ್ತುವನ್ನು ಹಿಂದಿರುಗಿಸಬಹುದೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯ ಹೇಳುತ್ತದೆ. ಕೆಟ್ಟದ್ದನ್ನು, ಕಡಮೆಯದನ್ನು, ಮುಚ್ಚಿಟ್ಟುದನ್ನು ಮಾರಬಾರದೆಂದೂ ಅಲ್ಲಿಯೇ ಇದೆ. ಮೈಸೂರಿನಲ್ಲಿ ದೊರೆತ ಓಲೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಾರಿದ್ದನ್ನೂ ಕೊಂಡದ್ದನ್ನೂ ಹಿಂದೆಗೆಯುವುದಕ್ಕಾಗಿಯೇ ಒಂದು ಪ್ರಕರಣವಿದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದುದು ಇವು ಯಾವುವೂ ಅಲ್ಲ. 1872ರ ಭಾರತೀಯ ಕರಾರು ಕಾಯಿದೆ. ಶುಷ್ಕವೆಂದು ನಾವು ಮೂಗು ಮುರಿಯುವ ಕಾನೂನಿನ ಪುಸ್ತಕದಲ್ಲಿ, ಹದಿನೇಳನೆಯ ಕಲಮಿನ ಕೆಳಗೆ, ಒಂದು ಕುದುರೆಯ ಕಥೆಯಿದೆ. ಒಬ್ಬನು ಹರಾಜಿನಲ್ಲಿ ಕುದುರೆಯನ್ನು ಮಾರುತ್ತಾನೆ. ಅದಕ್ಕೆ ಊನವಿದೆಯೆಂದು ಅವನಿಗೆ ಗೊತ್ತು, ಬಾಯಿ ಬಿಡುವುದಿಲ್ಲ. ಕಾನೂನು ಇದನ್ನು ವಂಚನೆಯೆನ್ನುವುದಿಲ್ಲ. ಎರಡನೆಯ ದೃಷ್ಟಾಂತ: ಕೊಳ್ಳುವವಳು ಅವನ ಮಗಳೇ, ಈಗ ತಾನೇ ಪ್ರಾಯಕ್ಕೆ ಬಂದವಳು. ಆಗ ಆ ಸಂಬಂಧವೇ ಅವನನ್ನು ಹೇಳುವಂತೆ ಕಟ್ಟುತ್ತದೆ. ಮೂರನೆಯದು: ಕೊಳ್ಳುವವನು, “ನೀನು ಇಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆಯೆಂದೇ ತಿಳಿಯುತ್ತೇನೆ” ಎನ್ನುತ್ತಾನೆ. ಆಗ ಮೌನವೇ ಮಾತಾಗುತ್ತದೆ.

ಕಾನೂನು ಗೆರೆ ಎಳೆಯಬೇಕು, ಎಳೆದಿದೆ. ಮಗಳು ಗೆರೆಯ ಒಳಗೆ, ಹೊರಗಿನವನು ಹೊರಗೆ. ಇದನ್ನು ಓದುತ್ತಿದ್ದಾಗ ನನಗೆ ತೋರಿದುದಿಷ್ಟು: ಮಗಳಿಗೆ ಮಾರುವಾಗ ಊನವಾದದ್ದು ಪರರಿಗೆ ಮಾರುವಾಗ ಊನವಲ್ಲವೆ? ಕುದುರೆ ಬದಲಾಗಲಿಲ್ಲ, ಕೊಳ್ಳುವವರು ಬದಲಾದರು. ನಮ್ಮ ಧರ್ಮಶಾಸ್ತ್ರ, ನೀತಿಶಾಸ್ತ್ರಗಳೆಲ್ಲ ಬಹುಶಃ ಈ ಒಂದು ಗೆರೆಯನ್ನು ಹೊರಕ್ಕೆ ತಳ್ಳುವ ಪ್ರಯತ್ನವೇ ಇರಬೇಕು.

ಮಗನ ಉತ್ತರಕ್ಕೂ ಅಲ್ಲಿಯೇ ಮಾರುತ್ತರ ಸಿಕ್ಕಿತು. ಮಾಡಿದವರು ದೋಷವಲ್ಲವೆಂದರು, ನಿಜ. ನಾವು ಅದನ್ನು ಒಪ್ಪಿದೆವೆ? ದೋಷವೆಂದು ಮೂರು ಸಲ ಹೋಗಿ ಜಗಳವಾಡಿದವರು ನಾವು. ಕೊಳ್ಳುವಾಗ ದೋಷ, ಮಾರುವಾಗ ಮಿತಿಯೊಳಗೆ ಎನ್ನುವುದಾದರೆ ನಮ್ಮಲ್ಲಿ ಎರಡು ತಕ್ಕಡಿಗಳಿವೆಯೆಂದಾಯಿತು. ಯಾರ ಮೇಲೆ ಕೋಪಗೊಂಡಿದ್ದೆವೋ ಅವರ ಮಾತನ್ನೇ ನಾವು ಇಟ್ಟಮಡುವಿನ ಹುಡುಗನಿಗೆ ಒಪ್ಪಿಸಲು ಹೊರಟಿದ್ದೆವು. ಅವರು ಬಾಯಿಬಿಟ್ಟು ಹೇಳಿದರು, ನಾವು ಬಾಯಿಮುಚ್ಚಿಕೊಂಡು ಹೇಳುತ್ತಿದ್ದೆವು, ಅಷ್ಟೇ ವ್ಯತ್ಯಾಸ.

ಇಷ್ಟೆಲ್ಲ ತಿಳಿದ ಮೇಲೂ ಬೆಳಿಗ್ಗೆ ಎದ್ದು ಮಗನಿಗೆ ಹೇಳಿದೆನೆ? ಇಲ್ಲ. ರಾತ್ರಿಯ ವಿವೇಕ ಕಾಫಿಯ ಜೊತೆ ಇಳಿದುಹೋಯಿತು.

ಹತ್ತು ಗಂಟೆಗೆ ಅವರು ಬಂದರು. ಹುಡುಗನ ಜೊತೆ ಅವನ ತಂದೆ. ಆಟೋ ಓಡಿಸುವವರು, ಖಾಕಿ ಅಂಗಿಯ ಮೇಲೆಯೇ ಬಂದಿದ್ದರು. ಹುಡುಗ ಯಂತ್ರವನ್ನು ತೆರೆದು ಅದು ಇದು ಒತ್ತಿ ನೋಡಿದ. ಕಿಟಕಿಯಿಂದ ಬಿಸಿಲು ಪರದೆಯ ಮೇಲೆಯೇ ಬೀಳುತ್ತಿತ್ತು. “ಚೆನ್ನಾಗಿ ನೋಡ್ಕೊಳಪ್ಪ” ಎಂದು ಮಗನಿಗೆ ಹೇಳಿದ ತಂದೆ ನನ್ನ ಕಡೆಗೆ ತಿರುಗಿ ನಕ್ಕರು: “ನೋಡೋದೇನಿದೆ ಬಿಡಿ ಸಾರ್. ಮೇಷ್ಟ್ರ ಮನೆ ಸಾಮಾನು. ಏನಾದ್ರೂ ಇದ್ರೆ ನೀವೇ ಹೇಳ್ತಿದ್ರಿ.”

ಕುದುರೆಯ ಮೂರನೆಯ ದೃಷ್ಟಾಂತ ನಮ್ಮ ನಡುಮನೆಗೆ ನಡೆದು ಬಂದಿತ್ತು. ಇನ್ನು ಮೌನವಾಗಿರುವುದು ಸಾಧ್ಯವಿರಲಿಲ್ಲ, ಸುಮ್ಮನಿದ್ದರೂ ಮಾತಾಡಿದಂತೆಯೇ. ಎದ್ದು ಕಿಟಕಿಯ ಪರದೆ ಎಳೆದೆ, ಬಾಗಿಲು ಮುಚ್ಚಿದೆ, ಆ ಮೂಲೆಯನ್ನೂ ಆ ಚುಕ್ಕೆಯನ್ನೂ ಬೆರಳಿಟ್ಟು ತೋರಿಸಿದೆ. ಆ ತಂದೆಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ನನಗೆ ಆದಂತೆಯೇ ಅವರಿಗೂ ಆಗಿರಬೇಕು. “ಮನೇಲಿ ಒಂದು ಮಾತು ಕೇಳಿ ಫೋನ್ ಮಾಡ್ತೀವಿ ಸಾರ್” ಎಂದು ಹೊರಟರು. ಫೋನು ಬರಲಿಲ್ಲ. ಮಗ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಎರಡನೆಯ ದಿನ ರಾತ್ರಿ ಊಟಕ್ಕೆ ಕುಳಿತಾಗ ಮನೆಯಾಕೆ, “ಹೇಳಿದ್ದು ಸರಿ, ಆದರೆ ಮುಂಚೇನೇ ಅವನಿಗೆ ಹೇಳಿ ಅವನ ಬಾಯಲ್ಲೇ ಹೇಳಿಸಬಹುದಾಗಿತ್ತು” ಎಂದಳು. ಸಿಸೆರೋಗೂ ತೋಚದ ಮಾತು ಅದು. ನಾನು ನನ್ನ ಹೆಸರನ್ನು ಉಳಿಸಿಕೊಂಡಿದ್ದೆ. ಹುಡುಗನನ್ನು ಪರರೆದುರಿಗೆ ಬರಿಗೈಯಲ್ಲಿ ನಿಲ್ಲಿಸಿದ್ದೆ.

ಮುಂದಿನ ತಿಂಗಳು ಸಾದರ ಪತ್ರಪ್ಪ ರಸ್ತೆಯ ಒಂದು ಅಂಗಡಿಗೆ ಅದನ್ನು ಒಯ್ದೆವು. ಅಂಗಡಿಯವನು ಮುಚ್ಚಳ ತೆರೆಯುವ ಮೊದಲೇ ಮಗ, “ಎಡಗಡೆ ಬೆಳಕು ಸೋರತ್ತೆ, ಒಂದು ಚುಕ್ಕೆ ಇದೆ” ಎಂದ. ನಾನು ಹೇಳಿಕೊಟ್ಟಿರಲಿಲ್ಲ. 72,000ಕ್ಕೆ ಹೋಯಿತು. ಅಂಗಡಿಯವನು ಮುಂದೆ ಮಾರುವಾಗ ಆ ಮಾತನ್ನು ಹೇಳುವನೇ? ನನಗೆ ನಂಬಿಕೆಯಿಲ್ಲ. ಹಾಗಾದರೆ ನಾವು ಮಾಡಿದುದೇನು? ಮೌನದ ಭಾರವನ್ನು ನಮ್ಮ ಹೆಗಲಿನಿಂದ ಇನ್ನೊಂದು ಹೆಗಲಿಗೆ ಸಾಗಿಸಿ, ಅದಕ್ಕಾಗಿ 23,000 ರೂಪಾಯಿ ತೆತ್ತೆವು ಎಂದು ಯಾರಾದರೂ ನಕ್ಕರೆ ನಾನು ಪೂರ್ತಿಯಾಗಿ ಅಲ್ಲಗಳೆಯಲಾರೆ.

ಆದರೂ ಒಂದು ಮಾತು. ಶರಣರ ಕಥೆಗಳಲ್ಲಿ ನುಲಿಯ ಚಂದಯ್ಯನವರು ಹಗ್ಗ ಹೊಸೆದು ಮಾರಿ ಬದುಕಿದವರು. ಅವರ ಹಗ್ಗಕ್ಕೆ ಸಲ್ಲುವುದಕ್ಕಿಂತ ಹೆಚ್ಚು ಹಣ ಬಂದಾಗ, ತಂದವನು ಲಿಂಗವೇ ಆದರೂ, ಅದನ್ನು ಒಲ್ಲೆನೆಂದರಂತೆ. ಲೋಕದ ಹಗ್ಗದಂಗಡಿಗಳೆಲ್ಲ ಅದರಿಂದ ತಿದ್ದಿಕೊಂಡವೆಂದು ಕಥೆ ಹೇಳುವುದಿಲ್ಲ. ಒಬ್ಬನ ಹಗ್ಗ, ಒಬ್ಬನ ಬೆಲೆ, ಒಬ್ಬನ ಕೈ. ಅಷ್ಟೇ ಅದರ ವ್ಯಾಪ್ತಿ. ನಮ್ಮ ಕೈ ದಾಟಿದ ಮೇಲೆ ಆಗುವುದಕ್ಕೆ ನಾವು ಹೊಣೆಯಲ್ಲವೆನ್ನುವುದು ಜಾಣ್ಮೆಯಾದೀತು; ಆದರೆ ನಮ್ಮ ಕೈಯಲ್ಲಿರುವಷ್ಟು ಹೊತ್ತು ಹೊಣೆ ನಮ್ಮದೇ ಎಂಬುದನ್ನು ತಪ್ಪಿಸಿಕೊಳ್ಳುವಂತಿಲ್ಲ.

ಮಗ ಈಗ ಒಂದು ಸಾಧಾರಣ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಾನೆ. ಅದರ ಪರದೆಯಲ್ಲಿ ಏನಾದರೂ ಕಂಡಿತೆ ಎಂದು ನಾನು ಕೇಳಿಲ್ಲ. ಕೇಳಿದರೆ ಹೇಳುತ್ತಾನೆ, ಕೇಳದಿದ್ದರೂ ಹೇಳುತ್ತಾನೆಂದು ಈಗ ನನಗೆ ಧೈರ್ಯ.