ನಿದಾನವೂ ನಿಧಾನವೂ

ಮಗುವಿಗೆ ಜ್ವರ ಬಂದರೆ ತಾಯಿತಂದೆಗಳು ವೈದ್ಯರಲ್ಲಿಗೆ ಹೋಗಲು ಹಿಂದುಮುಂದು ನೋಡುವುದಿಲ್ಲ. ಅದೇ ಮಗುವಿನ ನಡತೆಯಲ್ಲಿ ಅರ್ಥವಾಗದ ತೊಡಕು ಕಂಡಾಗ ಮಾತ್ರ ಕಾಲು ಹೊಸ್ತಿಲು ದಾಟುವುದಿಲ್ಲ. ‘ಇದಕ್ಕೊಂದು ಹೆಸರನ್ನು ಅರಸಿಕೊಂಡು ಹೋದರೆ ಆ ಹೆಸರೇ ಕಳಂಕವಾಗಿ ಅಂಟಿಕೊಳ್ಳದೇ? ದೊಡ್ಡದಾದಂತೆ ತಾನೇ ಸರಿಹೋದೀತು, ಸುಮ್ಮನಿರುವುದೇ ಲೇಸಲ್ಲವೇ?’ ಎಂಬ ಶಂಕೆ ಅವರನ್ನು ತಡೆಯುತ್ತದೆ. ಈ ಶಂಕೆ ಪ್ರೀತಿಯಿಂದಲೇ ಹುಟ್ಟಿದುದು. ಆದರೂ ಅದು ಧರ್ಮಸಮ್ಮತವೇ ಎಂಬುದನ್ನು ಸದ್ಗೃಹಸ್ಥರು ವಿಚಾರಿಸಿ ನೋಡುವುದು ಅವಶ್ಯ.

ವೈದ್ಯಶಾಸ್ತ್ರದಲ್ಲಿ ರೋಗವನ್ನು ಗುರುತಿಸುವುದಕ್ಕೆ ‘ನಿದಾನ’ವೆಂದು ಹೆಸರು. ಮಾಧವಕರನ ಗ್ರಂಥವು ‘ಮಾಧವನಿದಾನ’ವೆಂದೇ ಪ್ರಸಿದ್ಧವಾಗಿದೆ. ನಿದಾನವೆಂದರೆ ಮೂಲಕಾರಣವೆಂದು ಅಮರಕೋಶವು ಅರ್ಥ ಹೇಳುತ್ತದೆ. ನಡುವಿನ ಅಕ್ಷರವು ಮಹಾಪ್ರಾಣವಾಗಿ ‘ನಿಧಾನ’ವಾದರೆ ಕನ್ನಡದಲ್ಲಿ ತಾಳ್ಮೆಯೆಂಬ ಅರ್ಥ ಬರುತ್ತದೆ. ಮಗುವಿನ ವಿಷಯದಲ್ಲಿ ಎರಡೂ ಬೇಕು. ಆದರೆ ನಿಧಾನದ ಹೆಸರಿನಲ್ಲಿ ಮಾಡುವ ವಿಳಂಬವನ್ನು ತಾಳ್ಮೆಯೆಂದು ಕರೆಯಲಾಗದು.

ನಾಲ್ಕು ವರ್ಷದ ಒಂದು ಮಗುವನ್ನು ಕಲ್ಪಿಸಿಕೊಳ್ಳೋಣ. ಹೆಸರು ಹಿಡಿದು ಕರೆದರೆ ತಿರುಗಿ ನೋಡದು. ಆಟದ ಬಂಡಿಯನ್ನು ಎಳೆಯದೆ, ಬೋರಲು ಹಾಕಿ, ಗಾಲಿಯನ್ನೇ ಬಹಳ ಹೊತ್ತು ತಿರುಗಿಸುತ್ತಿರುವುದು. ಕುಕ್ಕರು ಸೀಟಿ ಹಾಕಿದರೆ ಕಿವಿ ಮುಚ್ಚಿಕೊಂಡು ಕಿರುಚುವುದು. ದಿನವೂ ಉಣ್ಣುವ ತಟ್ಟೆ ಬದಲಾದರೆ ನೆಲಕ್ಕೆ ಬಿದ್ದು ಹೊರಳುವುದು. ಈ ಮಗುವಿಗೆ ಇನ್ನೂ ಯಾವ ಹೆಸರೂ ಅಂಟಿಲ್ಲವೆಂದು ಮನೆಯವರು ತಿಳಿದಿರುತ್ತಾರೆ. ವಾಸ್ತವದಲ್ಲಿ ಅಂಟಿರುವ ಹೆಸರುಗಳೆಷ್ಟು! ಅಜ್ಜನಿಗೆ ಅದು ಹಟಮಾರಿ, ನೆರೆಯವರಿಗೆ ಮಂಕು, ಶಾಲೆಯಲ್ಲಿ ಉಡಾಳ, ಬೀಗರ ಬಾಯಲ್ಲಿ ತಾಯಿಯ ಮುದ್ದಿನಿಂದ ಕೆಟ್ಟ ಕೂಸು. ಕೆಲವರು ಪೂರ್ವಕರ್ಮವೆಂದು ಹೇಳಿ ಕೈತೊಳೆದುಕೊಳ್ಳುವರು. ಹಟ ಬಿಡಿಸಲು ಬರೆ ಹಾಕಿರೆಂದು ಸಲಹೆ ಕೊಡುವವರೂ ಉಂಟು. ಇವೆಲ್ಲವೂ ವಿಚಾರಣೆಯಿಲ್ಲದೆ ಕೊಟ್ಟ ತೀರ್ಪುಗಳು. ಆದುದರಿಂದ ಹೆಸರಿಡದೆ ಬಿಡುವ ಆಯ್ಕೆ ನಮಗಿಲ್ಲ. ಅರಿತು ಇಡುವೆವೋ ಅರಿಯದೆ ಇಡುವೆವೋ ಎಂಬುದಷ್ಟೇ ನಮ್ಮ ಕೈಯಲ್ಲಿದೆ.

ತೀರ್ಪಿನ ಆತುರವು ಪಂಡಿತರನ್ನೂ ಬಿಟ್ಟಿಲ್ಲ. 1902ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಅವರು, ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಮಕ್ಕಳನ್ನು ವರ್ಣಿಸಿ, ಅದನ್ನು ನೈತಿಕ ನಿಗ್ರಹದ ಕೊರತೆಯೆಂದು ಕರೆದರು. ಇಂದಿನ ವೈದ್ಯರು ಅಂಥ ಚಾಂಚಲ್ಯದ ಮೂಲವನ್ನು ಮಿದುಳಿನ ಬೆಳವಣಿಗೆಯಲ್ಲಿ ಹುಡುಕುತ್ತಾರೆಯೇ ಹೊರತು ಮಗುವಿನ ಶೀಲದಲ್ಲಿ ಅಲ್ಲ. 1943ರಲ್ಲಿ ಅಮೆರಿಕದ ಲಿಯೊ ಕ್ಯಾನರ್ ಅವರು 11 ಮಕ್ಕಳನ್ನು ವರ್ಣಿಸಿದ ಬಳಿಕ ಆಟಿಸಂ ಎಂಬ ಸ್ಥಿತಿ ಲೋಕಕ್ಕೆ ಪರಿಚಿತವಾಯಿತು. ಆದರೆ ಮುಂದೆ ಎರಡು ದಶಕಗಳ ಕಾಲ, ತಾಯಿಯ ಮಮತೆಯ ಕೊರತೆಯೇ ಅದಕ್ಕೆ ಕಾರಣವೆಂಬ ವಾದವು ಪ್ರಬಲವಾಗಿದ್ದಿತು. ಸ್ವತಃ ಅಂಥ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲ್ಯಾಂಡ್ ಅವರು 1964ರ ತಮ್ಮ ಗ್ರಂಥದಲ್ಲಿ ಆ ವಾದವನ್ನು ಖಂಡಿಸಿದರು. ಅಷ್ಟರೊಳಗೆ ಎಷ್ಟು ಮಂದಿ ತಾಯಂದಿರು ಮಾಡದ ತಪ್ಪಿಗೆ ಕಣ್ಣೀರಿಟ್ಟಿರಬೇಕು! ತಪ್ಪು ನಿದಾನವು ಮಗುವನ್ನು ಮಾತ್ರವಲ್ಲ, ಹೆತ್ತವಳನ್ನೂ ಸುಡುತ್ತದೆ. ನಮ್ಮ ಮನೆಗಳಲ್ಲಿ ಈ ದೂಷಣೆ ಇನ್ನೂ ನಿಂತಿಲ್ಲ.

ಹಾಗಾದರೆ ಸರಿಯಾದ ನಿದಾನದ ಬಗೆ ಯಾವುದು? ಆಟಿಸಮ್ಮನ್ನು ರಕ್ತ ಪರೀಕ್ಷೆ ಮಾಡಿ ಹೇಳಿಬಿಡಲು ಬಾರದು. ಕರೆದರೆ ತಿರುಗದ ಮಗುವಿಗೆ ಕಿವಿ ಕೇಳಿಸುವುದೇ ಎಂಬುದನ್ನು ಮೊದಲು ಪರೀಕ್ಷಿಸತಕ್ಕದ್ದು. ಆಮೇಲೆ ಅದರ ಆಟ, ನೋಟ, ಮಾತುಗಳನ್ನು ಬಲ್ಲವರು ಗಮನವಿಟ್ಟು ನೋಡುವರು. ಯಾವಾಗ ನಡೆಯಿತು, ಯಾವಾಗ ನುಡಿಯಿತು ಎಂದು ಹೆತ್ತವರನ್ನು ಕೇಳುವರು. ತಾಯಿಯು ಕಂಡುದನ್ನು ಮರೆಮಾಚದೆ ಹೇಳುವುದು ಇಲ್ಲಿ ದೊಡ್ಡ ಪ್ರಮಾಣ. ಒಂದೇ ಭೇಟಿಯಲ್ಲಿ ಉತ್ತರ ದೊರೆಯದಿರಬಹುದು. ನಿಧಾನವು ಬೇಕಾಗುವುದು ಈ ಹಂತದಲ್ಲಿ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವು ಈ ಕಾರ್ಯಕ್ಕೆ ಹೆಸರಾದುವು. ದೂರದ ಹಳ್ಳಿಯವರು ಅಂಗನವಾಡಿಯಿಂದಲೇ ಆರಂಭಿಸಬಹುದು: 2013ರಲ್ಲಿ ಮೊದಲಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡಗಳು ಅಲ್ಲಿಗೂ ಸರ್ಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಆಟಿಸಮ್ಮನ್ನೂ ಕಲಿಕೆಯ ವಿಶಿಷ್ಟ ತೊಡಕುಗಳನ್ನೂ ತನ್ನ 21 ಬಗೆಗಳಲ್ಲಿ ಸೇರಿಸಿಕೊಂಡಿದೆ. ಹೆಸರಿಲ್ಲದ ಕಷ್ಟಕ್ಕೆ ಆ ಹಕ್ಕುಗಳ ಬಾಗಿಲು ತೆರೆಯದು.

ಆದರೂ ಹೆಸರು ಅಂಟಿಕೊಂಡೀತೆಂಬ ಭಯ ಸುಳ್ಳಲ್ಲ. ಅಕ್ಕತಂಗಿಯರ ಲಗ್ನದ ಮಾತು ಬಂದಾಗ ಊರ ನಾಲಗೆ ಸುಮ್ಮನಿರದು. ಇದಕ್ಕೆ ಉತ್ತರವು ಶರಣರು ಆಳವಾಗಿ ಚಿಂತಿಸಿದ ಅರಿವು ಕುರುಹುಗಳ ವಿಚಾರದಲ್ಲಿ ದೊರೆಯುತ್ತದೆ. ಕುರುಹು ಅರಿವಿಗೆ ಒಯ್ಯುವ ಸಾಧನ; ಕುರುಹಿನಲ್ಲಿಯೇ ನಿಂತವನಿಗೆ ಅರಿವು ದೂರ. ವೈದ್ಯರು ಕೊಟ್ಟ ಹೆಸರೂ ಒಂದು ಕುರುಹೇ. ಅದನ್ನು ಹಿಡಿದು ‘ಈ ಸದ್ದು ಇದಕ್ಕೆ ಸಹಿಸಲಾಗದು, ಚಿತ್ರ ತೋರಿಸಿದರೆ ಬೇಗ ತಿಳಿದೀತು’ ಎಂದು ನಮ್ಮ ನಡೆಯನ್ನು ತಿದ್ದಿಕೊಂಡರೆ ಅದು ಅರಿವಾಯಿತು. ‘ಇದರ ಹಣೆಬರಹವೇ ಇಷ್ಟು’ ಎಂದು ಕಲಿಸುವುದನ್ನು ನಿಲ್ಲಿಸಿದರೆ ಅದೇ ಹೆಸರು ಸಂಕೋಲೆಯಾಯಿತು. ಆಟಿಸಮ್ಮನ್ನು ಕಿತ್ತುಹಾಕುವ ಔಷಧವಿಲ್ಲ. ಇದೆಯೆಂದು ಮಾರುವವರನ್ನು ನಂಬಲಾಗದು. ಆದರೆ ಮಗು ಕಲಿಯಬಲ್ಲದು. ಎಳವೆಯಲ್ಲಿ ಆರಂಭಿಸಿದ ಶಿಕ್ಷಣಕ್ಕೆ ಫಲ ಹೆಚ್ಚು. ಹೆಸರು ನಿಶ್ಚಯವಾಗುವ ತನಕ ಆ ಶಿಕ್ಷಣವು ಕಾಯಬೇಕಾದುದೂ ಇಲ್ಲ.

ಮಗು ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳಲಾರದು. ಅದು ಕಿರುಚುವುದು, ಹೊರಳುವುದು, ಓಡುವುದು ಇವೇ ಅದರ ಅರ್ಜಿ. ಆ ಅರ್ಜಿಯನ್ನು ಓದದೆ ದಂಡಿಸುವ ಮನೆಯಲ್ಲಿ ದಯೆಯ ಮಾತಿಗೆ ಬೆಲೆಯೆಲ್ಲಿ? ನಮ್ಮ ಮಾನವನ್ನು ಕಾಯಲೆಂದು ಕೂಸಿನ ಕಾಲವನ್ನು ಕಳೆಯುವುದು ಪ್ರೀತಿಯೆನಿಸದು. ಸದ್ಭಕ್ತರಾದ ತಾಯಿತಂದೆಗಳು ನಾಚದೆ ನಿದಾನವನ್ನು ಕೇಳಲಿ; ಕೇಳಿದ ಮೇಲೆ ನಿಧಾನದಿಂದ ಮಗುವಿನ ಕೈಹಿಡಿದು ನಡೆಸಲಿ.